206ರ ಲೆಕ್ಕ ತಪ್ಪುವ ಮೂಳೆಗಳು
ವಯಸ್ಕರ ದೇಹದಲ್ಲಿ 206 ಮೂಳೆಗಳು ಎಂಬುದು ಪಠ್ಯಪುಸ್ತಕದ ಲೆಕ್ಕ. ನಿಜವಾದ ದೇಹಗಳಲ್ಲಿ ಒಂದೆರಡು ಹೆಚ್ಚುಕಡಿಮೆ ಇರುವುದು ಸಹಜ, ಅದು ರೋಗವಲ್ಲ. ತಲೆಬುರುಡೆಯ ಸಂಧಿಗಳ ನಡುವೆ ಕೆಲವರಿಗೆ ಪುಟ್ಟ ಬಿಡಿಮೂಳೆಗಳಿರುತ್ತವೆ. 17ನೇ ಶತಮಾನದ ಡೆನ್ಮಾರ್ಕಿನ ವೈದ್ಯ ಓಲೆ ವರ್ಮ್ ಹೆಸರಿನಲ್ಲಿ ಇವನ್ನು ವರ್ಮಿಯನ್ ಮೂಳೆಗಳೆನ್ನುತ್ತಾರೆ. ಎಳವೆಯಲ್ಲೇ ಬೆಸೆದುಕೊಳ್ಳಬೇಕಾದ ಹಣೆಯ ನಡುವಿನ ಸಂಧಿ ಕೆಲವರಲ್ಲಿ ಕೊನೆತನಕ ಹಾಗೇ ಉಳಿಯುತ್ತದೆ. ಸೊಂಟದ ಕಶೇರುಗಳು ಐದರ ಬದಲು ನಾಲ್ಕೋ ಆರೋ ಇರಬಹುದು. ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಮಂಡಿಚಿಪ್ಪು. ಇದು ಬಾಲ್ಯದಲ್ಲಿ ಮೃದ್ವಸ್ಥಿಯಾಗಿದ್ದು, ಬಳಿಕ ಒಂದಕ್ಕಿಂತ ಹೆಚ್ಚು ಕೇಂದ್ರಗಳಿಂದ ಗಟ್ಟಿಯಾಗಬಹುದು. ಆ ಭಾಗಗಳು ಪೂರ್ತಿ ಕೂಡಿಕೊಳ್ಳದಿದ್ದರೆ ಮೇಲಿನ ಹೊರಮೂಲೆಯಲ್ಲಿ ಪ್ರತ್ಯೇಕ ತುಂಡೊಂದು ಉಳಿಯುತ್ತದೆ. ಬಿದ್ದು ಬಂದವರ ಎಕ್ಸ್‌ರೇಯಲ್ಲಿ ಇದು ಮುರಿತದಂತೆಯೇ ಕಾಣುತ್ತದೆ. ಆದರೆ ಹೊಸ ಮುರಿತದ ಅಂಚು ಚೂಪಾಗಿ ಒರಟಾಗಿರುತ್ತದೆ. ಸಹಜ ತುಂಡಿನ ಅಂಚು ನುಣುಪಾಗಿ, ದುಂಡಗಿರುತ್ತದೆ, ಎಷ್ಟೋ ಸಲ ಇನ್ನೊಂದು ಮಂಡಿಯಲ್ಲೂ ಅಂಥದೇ ತುಂಡಿರುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ಬೇಡದ ಪ್ಲಾಸ್ಟರ್ ಬೀಳುತ್ತದೆ. ಆದ್ದರಿಂದ ಇದು ಪ್ರತಿ ವೈದ್ಯವಿದ್ಯಾರ್ಥಿಗೂ ಅಗತ್ಯವಾದ ಅರಿವು. ಕುತ್ತಿಗೆಯ ಏಳನೇ ಕಶೇರುವಿಗೆ ಅಂಟಿದ ಹೆಚ್ಚುವರಿ ಪಕ್ಕೆಲುಬು ಬಹುತೇಕರಿಗೆ ತೊಂದರೆ ಕೊಡದು, ಅಪರೂಪಕ್ಕೆ ಮಾತ್ರ ತೋಳಿಗೆ ಹೋಗುವ ನರಗಳನ್ನೋ ರಕ್ತನಾಳವನ್ನೋ ಒತ್ತುತ್ತದೆ. ಎದೆಮೂಳೆಯ ಕೆಳಭಾಗದಲ್ಲಿ ಹುಟ್ಟಿನಿಂದಲೇ ಇರುವ ದುಂಡನೆಯ ರಂಧ್ರವೂ ತಾನಾಗಿ ನಿರಪಾಯಕಾರಿ. ಆದರೆ ಅದರ ಹಿಂದೆಯೇ ಹೃದಯವಿರುವುದರಿಂದ ಅಲ್ಲಿ ಸೂಜಿ ಚುಚ್ಚುವವರು ಎಚ್ಚರ ವಹಿಸಬೇಕು. ಅಸ್ಥಿಪಂಜರದಲ್ಲಿ ಇದೇ ರಂಧ್ರವನ್ನು ಗುಂಡೇಟಿನ ಗುರುತೆಂದು ತಪ್ಪಾಗಿ ಓದುವ ಅಪಾಯವಿದೆ. ಅದೇ ವೇಳೆ, ಹಳೆಯ ಎಕ್ಸ್‌ರೇ ಜೊತೆ ಹೋಲಿಸಿ ಗುರುತಿಲ್ಲದ ಮೃತರನ್ನು ಪತ್ತೆಹಚ್ಚಲು ವಿಧಿವಿಜ್ಞಾನ ತಜ್ಞರಿಗೆ ನೆರವಾಗುವುದೂ ಇಂಥ ಭಿನ್ನತೆಗಳೇ.