ಹಂಪಿ ಕಳೆದುಹೋಗಿದ್ದು ಯಾವಾಗ?

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಹಂಪಿಯ ಮಾತು ಬಂತು. ಪಕ್ಕದ ಟೀಮಿನವನೊಬ್ಬ "ಅದನ್ನ ಕಂಡುಹಿಡಿದಿದ್ದು ಕರ್ನಲ್ ಮೆಕೆಂಜಿ ಅಲ್ವಾ, 1799ರಲ್ಲಿ?" ಅಂದ. ಹೊಸಪೇಟೆಯವನಾದ ನನಗೆ ಅನ್ನ ಗಂಟಲಲ್ಲೇ ನಿಂತಿತು. ರಾತ್ರಿ ಕಂಪ್ಲಿಯ ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಅಜ್ಜ ನಕ್ಕು, "ಕಂಡುಹಿಡಿಯಾಕ ಅದೇನ್ ಕಳದೋಗಿತ್ತೇನಪಾ?" ಅಂತ ಕೇಳಿದರು.

ಮೆಕೆಂಜಿ ಮೇಲೆ ನನಗೇನೂ ಸಿಟ್ಟಿಲ್ಲ. 1799ರಲ್ಲಿ ಹಂಪಿಯ ಮೊದಲ ಸರ್ವೆ ನಕ್ಷೆ ಮಾಡಿಸಿದ ಮನುಷ್ಯ, ದೊಡ್ಡ ಕೆಲಸವೇ. ನನ್ನ ತಕರಾರು "ಭೂಗೋಳದ ಇತಿಹಾಸ ಎಂದರೆ ನಕ್ಷೆ ಬರೆದವರ ಇತಿಹಾಸ" ಅನ್ನುವ ನಂಬಿಕೆಯ ಮೇಲೆ. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಮೆಕೆಂಜಿಯ ಚಿತ್ರ ನೋಡಿ. ಕೆಂಪು ಕೋಟಿನ ಸಾಹೇಬರ ಜೊತೆಗೇ ನಮ್ಮವರು ನಿಂತಿದ್ದಾರೆ. ಅವರಲ್ಲೊಬ್ಬರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಅಂತ ಗುರುತಿಸುತ್ತಾರೆ. ಕಾವಲಿ ಸೋದರರು, ಧರ್ಮಯ್ಯನಂಥವರು ಊರೂರು ತಿರುಗಿ ಕೈಫಿಯತ್ತು ಕೂಡಿಸದಿದ್ದರೆ ಸಾಹೇಬರ ಕೈಲಿ ಇರುತ್ತಿದ್ದದ್ದು ಬರೀ ಗೆರೆಗಳು. ಯಾವ ಊರಿಗೆ ಯಾವ ಕೆರೆ, ಯಾರಿಗೆ ಇನಾಮು, ಎಲ್ಲಿ ಗಡಿ ಎಂಬುದೆಲ್ಲ ಆ ಕಾಗದಗಳಲ್ಲಿದೆ. ಅದು ಭೂಗೋಳ ಅಲ್ಲದೆ ಮತ್ತೇನು ಸ್ವಾಮಿ?

ನಮ್ಮಲ್ಲಿ ಆಗಿರೋದು ಏನಂದ್ರೆ, ಶಾಸನ ಚರಿತ್ರೆಯವರದ್ದು, ನಕ್ಷೆ ಭೂಗೋಳದವರದ್ದು, ಸಾಂಗತ್ಯ ಕನ್ನಡ ವಿಭಾಗದವರದ್ದು, ಕಾಲುವೆ ನೀರಾವರಿ ಎಂಜಿನಿಯರುಗಳದ್ದು. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡಲ್ಲ. ನಾನು ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ತುಂಗಭದ್ರಾ ಅಣೆಕಟ್ಟಿನ ಮಾತು ಬಂದಿತ್ತು, ಅದಕ್ಕಿಂತ ನಾನೂರು ವರ್ಷ ಹಳೆಯ ಕಾಲುವೆಗಳ ಮಾತು ಒಮ್ಮೆಯೂ ಬರಲಿಲ್ಲ. ಆ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತೆ!

ಕೋಣೆಗಳ ಗೋಡೆ ಒಡೆದರೆ ಏನು ಸಿಗುತ್ತೆ ಅನ್ನೋದಕ್ಕೆ ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯ ಏರಿ ಸಾಕು. ನಾವು ಚಿಕ್ಕವರಿದ್ದಾಗ ಅದು ಬರೀ ಒಂದು ದಿಬ್ಬ. ಕೃಷ್ಣದೇವರಾಯ ಗುಡ್ಡಗಳ ನಡುವೆ ದೊಡ್ಡ ಕೆರೆ ಕಟ್ಟಿಸುತ್ತಿದ್ದುದನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಕಂಡಿದ್ದ, ಏರಿ ಮತ್ತೆ ಮತ್ತೆ ಒಡೆದದ್ದನ್ನೂ ಬರೆದಿದ್ದಾನೆ. ಆಮೇಲೆ ಬಂದ ನೂನಿಜ್ ಅದಕ್ಕೆ ಒಬ್ಬ ಪೋರ್ಚುಗೀಸ್ ಕಟ್ಟಡದವನ ಹೆಸರನ್ನೂ ಸೇರಿಸುತ್ತಾನೆ. ಇವರಿಬ್ಬರನ್ನೇ ಓದಿದರೆ ಕೆರೆ ಒಂದು ಕಥೆ. ಏರಿಯನ್ನಷ್ಟೇ ಅಳೆದರೆ ಅದು ಮಣ್ಣಿನ ಗುಡ್ಡೆ. ಎರಡನ್ನೂ ಒಟ್ಟಿಗಿಟ್ಟುಕೊಂಡು ನೋಡಿದರೆ ಮಾತ್ರ ಒಂದು ರಾಜ್ಯ ನೀರಿಗಾಗಿ ಪಟ್ಟ ಪಾಡು ಕಾಣುತ್ತೆ.

ಈ ಕೆಲಸವನ್ನು ಮಾಡಿ ತೋರಿಸಿದವರೂ ಇದ್ದಾರೆ. ಕಾರ್ಲಾ ಸಿನೋಪೊಲಿ, ಕ್ಯಾಥ್ಲೀನ್ ಮಾರಿಸನ್ 1980ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಹಂಪಿಯ ಸುತ್ತಲ ಹೊಲ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸರ್ವೆ ಮಾಡಿದರು. ಗುಡಿ ಅರಮನೆಗಳಿಗಿಂತ ಒಡ್ಡು, ತೂಬು, ಮಡಕೆ ಚೂರುಗಳ ಮೇಲೆ ಅವರ ಕಣ್ಣು. ಮಾರಿಸನ್ ಕಮಲಾಪುರ ಕೆರೆಯ ಹೂಳನ್ನು ಕೊರೆದು ತೆಗೆದು ಅದರಲ್ಲಿನ ಪರಾಗ, ಇದ್ದಿಲಿನ ಕಣಗಳನ್ನು ಪರೀಕ್ಷಿಸಿದರು, ಜೊತೆಗೆ ಶಾಸನಗಳನ್ನೂ ಓದಿದರು. ಸಂಡೂರು ಬೆಟ್ಟಗಳ ಮಗ್ಗುಲಿನ ದರೋಜಿ ಕಣಿವೆಯ ಕೆರೆಗಳ ಬಗ್ಗೆಯೇ 2009ರಲ್ಲಿ ಒಂದು ಪುಸ್ತಕ ಬರೆದರು, ಇಂಗ್ಲಿಷಿನಲ್ಲಿ. ನಮ್ಮ ಕೆರೆಯ ಹೂಳು ಓದಲು ನಾನು ಇಂಗ್ಲಿಷ್ ಪುಸ್ತಕ ಹುಡುಕಬೇಕಾಯ್ತು ಅನ್ನೋದು ನನಗೆ ನಾಚಿಕೆಯ ವಿಷಯ, ಅವರಿಗಲ್ಲ.

"ಅಜ್ಜಂದಿರ ನೆನಪು, ಕುಮಾರರಾಮನ ಕಥೆ ಎಲ್ಲಾ ಪುರಾವೆ ಹೇಗಾಗುತ್ತೆ?" ಅಂತ ಕೇಳ್ತೀರಿ. ಒಂದರ ಮೇಲೇ ನಂಬಿಕೆ ಇಡಿ ಅಂತ ನಾನೆಲ್ಲಿ ಹೇಳಿದೆ? ಕಂಪಿಲಿಯ ಕಥೆಯಲ್ಲಿ ಇಸವಿ ಹುಡುಕಿದರೆ ಸಿಗಲ್ಲ, ಆದರೆ ಕುಮ್ಮಟ, ಹೊಸಮಲೆದುರ್ಗದಂಥ ಹೆಸರುಗಳು ಸಿಗುತ್ತವೆ. ಒಂದೇ ಲಾಗ್ ಫೈಲ್ ನೋಡಿ ಬಗ್ ಹುಡುಕುವವನನ್ನು ನಾವು ಹುಚ್ಚ ಅಂತೀವಿ, ಇತಿಹಾಸದಲ್ಲಿ ಮಾತ್ರ ಅದೇ ಶಿಸ್ತಂತೆ. ನಮ್ಮ ಟೆಕ್ಕಿಗಳೂ ಕಡಿಮೆಯಿಲ್ಲ ಬಿಡಿ. ಗೂಗಲ್ ಅರ್ಥ್‌ನಲ್ಲಿ ನಾಲ್ಕು ಲೇಯರ್ ಹಾಕಿ "ಕಳೆದುಹೋದ ನಗರ" ಅಂತ ಕುಣಿಯೋರಲ್ಲಿ ನಾನೂ ಒಬ್ಬನಾಗಿದ್ದೆ :)

ನಕ್ಷೆಯ ಗೆರೆ ಬರೀ ಗೆರೆಯಲ್ಲ. 2011ರಲ್ಲಿ ಹಂಪಿ ಬಜಾರಿನ ಮನೆ ಅಂಗಡಿಗಳು ನೆಲಸಮವಾದಾಗ ಅಲ್ಲಿ ಬದುಕಿದವರಿಗೆ ಗೊತ್ತಿದ್ದ ಹಂಪಿ ಯಾವ ನಕ್ಷೆಯಲ್ಲೂ ಇರಲಿಲ್ಲ.

ಅಜ್ಜನ ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿಗೆ ಪ್ರತಿ ತೂಬಿನ ಹೆಸರೂ ಗೊತ್ತಿತ್ತು. ಆತ ಈಗಿಲ್ಲ. ಅಜ್ಜನಿಗೆ ಎಂಬತ್ತೆರಡು, ಅರ್ಧ ಹೆಸರು ಮರೆತಿದ್ದಾರೆ. ಈ ದಸರಾ ರಜೆಗೆ ಹೋದಾಗ ಉಳಿದರ್ಧ ಬರೆದುಕೊಂಡು, ಜಿಪಿಎಸ್ ಹಿಡಿದು ತೂಬು ತೂಬಿಗೂ ಹೋಗಿ ಬರ್ತೀನಿ. ಆ ಕಡೆಯವರು ಯಾರಾದ್ರೂ ಜೊತೆಗೆ ಬರ್ತೀರಾ?