ಮೂರು ತಿಂಗಳ ಅರಮನೆ

ದೂರದರ್ಶನದ ತೆರೆಯ ಮೇಲೆ ನಾವು ಕಾಣುವ ಅರಮನೆಗೆ ಮುಂಭಾಗವುಂಟು, ಹಿಂಭಾಗವಿಲ್ಲ. ಹಿಂದೆ ಹೋಗಿ ನೋಡಿದರೆ ಮರದ ಚೌಕಟ್ಟು, ತೆಳುವಾದ ಪ್ಲೈವುಡ್ ಹಲಗೆ, ಬಣ್ಣ ಬಳಿದ ಬಟ್ಟೆ, ಆನಿಕೆಯಾಗಿ ನಿಲ್ಲಿಸಿದ ಉಕ್ಕಿನ ಕೊಳವೆ, ಅವುಗಳ ಬುಡದಲ್ಲಿ ಮರಳಿನ ಚೀಲ, ಇಷ್ಟೇ. ಚಿತ್ರೀಕರಣ ಮುಗಿದೊಡನೆ ಎಲ್ಲವನ್ನೂ ಬಿಚ್ಚಿ ಲಾರಿಗೆ ಹೇರುವರು. ‘ಮೂರು ತಿಂಗಳಿಗೆ ತಾನೆ!’ ಎಂಬ ಮಾತು ಇಂಥ ಕಟ್ಟಡಗಳ ವಿಷಯದಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಆ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಗಾಳಿಯ ವಿಷಯದಲ್ಲಿ ಅದು ಸಲ್ಲುತ್ತದೆ. ಪ್ರಚಂಡವಾದ ಬಿರುಗಾಳಿ ಅಪರೂಪಕ್ಕೆ ಬೀಸತಕ್ಕದ್ದು. ಕಟ್ಟಡ ನಿಂತಿರುವ ಕಾಲ ಕಡಿಮೆಯಾದಷ್ಟೂ ಅದಕ್ಕೆ ಸಿಲುಕುವ ಸಂಭವವೂ ಕಡಿಮೆ. ಭಾರತೀಯ ಮಾನಕ 875ರ ಮೂರನೆಯ ಭಾಗವು ಇದನ್ನು ಒಪ್ಪಿದೆ. ಬೆಂಗಳೂರಿಗೆ ಅದು ಹೇಳುವ ಮೂಲವೇಗ ಸೆಕೆಂಡಿಗೆ 33 ಮೀಟರ್. ತಾತ್ಕಾಲಿಕ ರಚನೆಗೆ ಇದನ್ನು 0.82ರಿಂದ ಗುಣಿಸಬಹುದು, ಎಂದರೆ ಸುಮಾರು 27 ಮೀಟರ್. ಒತ್ತಡವು ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಚದರ ಮೀಟರಿಗೆ 650 ನ್ಯೂಟನ್ನುಗಳಿಂದ 440ಕ್ಕೆ ಇಳಿಯುತ್ತದೆ. ಮೂರರಲ್ಲೊಂದು ಪಾಲು ರಿಯಾಯಿತಿ! ಉಳಿದ ಎರಡು ಪಾಲೂ ಅಲ್ಪವಲ್ಲ. 10 ಮೀಟರ್ ಅಗಲ, 6 ಮೀಟರ್ ಎತ್ತರದ ಗೋಡೆ ಬಯಲಿನಲ್ಲಿದ್ದರೆ ಗಾಳಿಯು ಅದನ್ನು ಸುಮಾರು 26,400 ನ್ಯೂಟನ್ ಬಲದಿಂದ ನೂಕುತ್ತದೆ. ಅದು ಮುಂದಕ್ಕೆ ಮಗುಚದಂತೆ ಬುಡದಿಂದ 3 ಮೀಟರ್ ಹಿಂದೆ ಭಾರವಿಡುವುದಾದರೆ, ಸರಿದೂಗಿಸುವುದಕ್ಕೇ 2.7 ಟನ್ ಬೇಕು. ಸನ್ನೆಯ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಪರೀಕ್ಷಿಸಿಕೊಳ್ಳಬಹುದು. ನಾಲ್ಕಾರು ಮರಳುಚೀಲಗಳಿಂದ ಆಗತಕ್ಕ ಕೆಲಸ ಇದಲ್ಲ.

ಬೆಂಕಿಯ ವಿಷಯ ಬೇರೆ. ಬಿರುಗಾಳಿ ಹೊರಗಿನಿಂದ ಬರುತ್ತದೆ. ಬೆಂಕಿಯ ಕಾರಣಗಳನ್ನು ಚಿತ್ರೀಕರಣದವರು ತಾವೇ ಒಳಗೆ ತರುತ್ತಾರೆ. ಪ್ರಖರವಾದ ದೀಪಗಳು, ನೆಲದ ಮೇಲೆ ಹರಡಿದ ತಂತಿಗಳು, ದೃಶ್ಯಕ್ಕೆ ಬೇಕಾದ ಪಂಜು ಮತಾಪುಗಳು ಇಲ್ಲದೆ ಕೆಲಸ ಸಾಗದು. ಆದುದರಿಂದ ಕೆಲಸ ನಡೆಯುವ ಒಂದೊಂದು ದಿನವೂ ಅಪಾಯದ ದಿನವೇ. ಮೇಲಾಗಿ ತೆಳುಹಲಗೆಗೆ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು. ದಪ್ಪ ತೊಲೆಯ ಹೊರಮೈ ಕಪ್ಪಾಗುವಷ್ಟರಲ್ಲಿ ಅದು ಉರಿದು ಮುಗಿದಿರುತ್ತದೆ.

1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು ಅರುವತ್ತರಷ್ಟು ಜನ ಸತ್ತರು. ಗೋಡೆಗಳಿಗೆ ಗೋಣಿಯ ಹೊದಿಕೆಯಿತ್ತೆಂದೂ ಗಾಳಿಕಿಂಡಿಗಳಿರಲಿಲ್ಲವೆಂದೂ ಆಗ ವರದಿಯಾಯಿತು. 2018ರ ಫೆಬ್ರುವರಿಯಲ್ಲಿ ಬಿಡದಿಯ ಫಿಲ್ಮ್ ಸಿಟಿಯಲ್ಲಿದ್ದ ‘ಬಿಗ್ ಬಾಸ್’ ಮನೆಯೂ ಉರಿದುಹೋಯಿತು. ಆ ವೇಳೆಗೆ ಕಾರ್ಯಕ್ರಮ ಮುಗಿದಿತ್ತು, ಮನೆಯಲ್ಲಿ ಜನರಿರಲಿಲ್ಲ.

ನಿಯಮಗಳಿಲ್ಲವೆಂದಲ್ಲ. ತಾತ್ಕಾಲಿಕ ಕಟ್ಟಡ ಮತ್ತು ಚಪ್ಪರಗಳ ಅಗ್ನಿರಕ್ಷಣೆಗೆಂದೇ ಭಾರತೀಯ ಮಾನಕ 8758 ಇದೆ. ಗಾಳಿಗೆ ಕೊಟ್ಟ ರಿಯಾಯಿತಿಯನ್ನು ಬೆಂಕಿಗೂ ಕೊಟ್ಟುಕೊಳ್ಳುವ ಮನೋಭಾವವೇ ನಮ್ಮ ಆಕ್ಷೇಪಣೆಗೆ ಗುರಿ. ಈ ವಿಷಯದಲ್ಲಿ ಮೂರು ತಿಂಗಳ ಅರಮನೆಗೆ ನೂರು ವರ್ಷದ ಮನೆಗಿಂತಲೂ ಕಟ್ಟುನಿಟ್ಟು ಬೇಕೆಂದು ನಾವು ಹೇಳುತ್ತೇವೆ. ದೀಪಗಳನ್ನು ಹೊತ್ತಿಸುವ ಮುನ್ನ, ಅಲ್ಲಿ ತೂಗುಹಾಕಿದ ಬಟ್ಟೆಯಿಂದಲೇ ಒಂದು ಪಟ್ಟಿಯನ್ನು ಕತ್ತರಿಸಿ, ಹೊರಗೆ ಒಯ್ದು, ಅಧಿಕಾರಿಯ ಎದುರಿನಲ್ಲಿ ಜ್ವಾಲೆಗೆ ಹಿಡಿದು ನೋಡತಕ್ಕದ್ದು. ಹಿಂದಿನ ಚಿತ್ರೀಕರಣದ ಪ್ರಮಾಣಪತ್ರ ಸಾಲದು. ಬಟ್ಟೆಗೆ ಉಣಿಸಿದ ಬೆಂಕಿನಿರೋಧಕ ಲವಣಗಳಲ್ಲಿ ಅನೇಕವು ನೀರಿನಲ್ಲಿ ಕರಗತಕ್ಕವು, ಒಂದು ಮಳೆಯಲ್ಲಿ ನೆನೆದರೆ ತೊಳೆದುಹೋಗುವಂಥವು.