ಸಿದ್ಧಾಂತದ ತಪ್ಪಿಗೆ ಮಗುವಿಗೆ ದಂಡ

ನಮ್ಮ ಕೋಡಿಬಾಗದ ಕಡೆ ಶಿಕ್ಷಣದ ಬಗ್ಗೆ ಸಂಶೋಧನೆ ಮಾಡ್ತೀವಿ ಅಂತ ಬರುವವರಿಗೆ ನಾನು ಒಂದೇ ಪ್ರಶ್ನೆ ಹಾಕುತ್ತೇನೆ: ನಿಮ್ಮ ಕಲಿಕಾ ಸಿದ್ಧಾಂತ ಯಾವುದು, ಅದನ್ನೇ ಯಾಕೆ ಆರಿಸಿಕೊಂಡಿರಿ? ಮೊದಲರ್ಧಕ್ಕೆ ಥಟ್ಟನೆ ಉತ್ತರ ಬರುತ್ತದೆ: ಪಿಯಾಜೆ, ಇಲ್ಲವೇ ವೈಗಾಟ್‌ಸ್ಕಿ. ಉಳಿದರ್ಧಕ್ಕೆ, 'ಗೈಡ್ ಹೇಳಿದ್ರು', 'ಹಿಂದಿನ ಬ್ಯಾಚಿನವರದ್ದೂ ಅದೇ ಇತ್ತು'. ಬಾಂಗಡೆ ಕೊಳ್ಳುವಾಗಲೂ ನಾವು ಕಿವಿರು ಎತ್ತಿ ನೋಡುತ್ತೇವಲ್ಲ ಮಾರಾಯ್ರೇ!

ಎರಡನೇ ಅಧ್ಯಾಯದ ಪುಟ ತುಂಬಿಸುವ ವಿಷಯ ಮಾತ್ರ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಸಿದ್ಧಾಂತ ತಪ್ಪಿದರೆ ದಂಡ ಕಟ್ಟುವುದು ಮಗು.

ಪಿಯಾಜೆಯ ಪ್ರಸಿದ್ಧ ಪರೀಕ್ಷೆಯನ್ನೇ ನೋಡಿ. ಸಮಸಂಖ್ಯೆಯ ಎರಡು ಸಾಲು ಬಿಲ್ಲೆ ಇಟ್ಟು, 'ಎರಡರಲ್ಲೂ ಒಂದೇ ಅಷ್ಟಿವೆಯಾ?' ಅಂತ ಕೇಳುವುದು. ಆಮೇಲೆ ಒಂದು ಸಾಲನ್ನು ಅಗಲಿಸಿ ಅದನ್ನೇ ಮತ್ತೆ ಕೇಳುವುದು. 'ಉದ್ದದ್ದರಲ್ಲಿ ಹೆಚ್ಚು' ಅಂದ ಮಗು ಆ ಹಂತಕ್ಕೆ ಇನ್ನೂ ಬಂದಿಲ್ಲ ಎಂದು ತೀರ್ಮಾನ. 1970ರ ದಶಕದಲ್ಲಿ ಸ್ಕಾಟ್‌ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ಸಣ್ಣ ಬದಲಾವಣೆ ಮಾಡಿದರು. ಸಾಲನ್ನು ಕೆಡಿಸಿದ್ದು ದೊಡ್ಡವರಲ್ಲ, ಒಂದು ತುಂಟ ಕರಡಿ ಗೊಂಬೆ! ಸರಿಯಾಗಿ ಉತ್ತರಿಸಿದ ಮಕ್ಕಳ ಸಂಖ್ಯೆ ಬಹಳ ಏರಿತು. ದೊಡ್ಡವರೇ ಬೇಕಂತ ಸಾಲು ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಈಗ ಬೇರೆ ಉತ್ತರ ಕೊಡಬೇಕೇನೋ ಎಂದು ಮಗು ತಿಳಿಯುತ್ತದೆ ಅಂತ ಅವರ ವಾದ.

ಇಲ್ಲಿ ಎಷ್ಟೋ ಮನೆಗಳ ಮಾತು ಕೊಂಕಣಿ, ಶಾಲೆಯದ್ದು ಕನ್ನಡ. ಗುರುತಿಲ್ಲದವರು ಬಂದು ಪುಸ್ತಕದ ಕನ್ನಡದಲ್ಲಿ ಕೇಳಿದಾಗ ಮಗು ತಡವರಿಸಿದ್ದು ಲೆಕ್ಕಕ್ಕೋ, ಭಾಷೆಗೋ, ಭಯಕ್ಕೋ? ಹಂತಗಳ ಪಟ್ಟಿಯಷ್ಟೇ ಹಿಡಿದು ಬಂದವರ ನಮೂನೆಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಕೊನೆಗೆ 'ಮೀನುಗಾರರ ಮಕ್ಕಳ ಬೌದ್ಧಿಕ ಬೆಳವಣಿಗೆ ನಿಧಾನ' ಎಂದು ಬೈಂಡ್ ಆಗುತ್ತದೆ. ಇಂಥ ವಾಕ್ಯವನ್ನು ನಾನೇ ಒಂದು ಪ್ರಬಂಧದಲ್ಲಿ ಓದಿದ್ದೇನೆ. ಕಾಲೇಜಿನ ಹೆಸರು ಬೇಡ.

ಹಾಗಂತ ವೈಗಾಟ್‌ಸ್ಕಿ ಸರ್ವರೋಗಕ್ಕೂ ಮದ್ದಲ್ಲ. ನೆರವು ಸಿಕ್ಕರೆ ಮಗು ಎಲ್ಲಿಯವರೆಗೆ ಹೋದೀತು ಎಂಬುದು ನಿಮ್ಮ ಪ್ರಶ್ನೆಯಾಗಿದ್ದರೆ ಅವನು ಬೇಕು. ಹುಡುಗ ಅಪ್ಪನ ಪಕ್ಕ ಕೂತು ಬಲೆ ಹೆಣೆಯುವುದನ್ನು ಹೇಗೆ ಕಲಿತ ಎಂಬುದಾದರೆ 1991ರ ಲೇವ್ ಮತ್ತು ವೆಂಗರ್ ಪುಸ್ತಕ ಓದಿ. ಅದರಲ್ಲಿ ಕಸುಬು ಕಲಿತ ದರ್ಜಿಗಳು ಮಾತ್ರವಲ್ಲ, ಮಾಂಸ ಕತ್ತರಿಸುವ ನುರಿತವರ ಹತ್ತಿರ ಸುಳಿಯಲೂ ಅವಕಾಶ ಸಿಗದೆ ಪೊಟ್ಟಣ ಕಟ್ಟುವುದರಲ್ಲೇ ಉಳಿದ ಹುಡುಗರೂ ಇದ್ದಾರೆ. ಯಾರನ್ನು ಕೆಲಸದ ಹತ್ತಿರ ಬಿಟ್ಟುಕೊಂಡರು, ಯಾರನ್ನು ದೂರ ಇಟ್ಟರು ಎಂದು ಕೇಳಲು ಕಲಿಸುವ ಪುಸ್ತಕ ಅದು. ನಮ್ಮ ಕೊನೇ ಬೆಂಚಿಗೂ ಆ ಪ್ರಶ್ನೆ ಹೊಂದುತ್ತದೆ.

'ಆರು ತಿಂಗಳಲ್ಲಿ ಇಷ್ಟೆಲ್ಲ ಓದೋದು ಹೇಗೆ ಸರ್?' ಅನ್ನುತ್ತಾರೆ. ಎಲ್ಲ ಬೇಡ. ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಸಿದ್ಧಾಂತಿಯ ಒಂದು ಮೂಲ ಅಧ್ಯಾಯ, ಅವನನ್ನು ಒಪ್ಪದವರ ಒಂದು ಅಧ್ಯಾಯ ಓದಿ. ಏನು ಕಂಡರೆ ಈ ಸಿದ್ಧಾಂತ ಇಲ್ಲಿ ಸೋತಂತೆ ಎಂದು ಶಾಲೆಗೆ ಹೋಗುವ ಮೊದಲೇ ಬರೆದಿಡಿ. ಏನೇ ಕಂಡರೂ ಸೋಲದ್ದು ಅಂತಾದರೆ ಅದನ್ನು ಕೆಳಗಿಡಿ.

ಇನ್ನು ಮೌಖಿಕ ಪರೀಕ್ಷೆಗೆ ಕೂರುವ ದೊಡ್ಡವರು. ಪುಟ ಎಣಿಸಿದ್ದು ಸಾಕು; ಮಗುವನ್ನು ಯಾವ ಭಾಷೆಯಲ್ಲಿ ಕೇಳಿದಿರಿ ಅಂತಾದರೂ ಕೇಳಿ.